ಪಾಸಿಲ್ಲದ ಮಾವಶಿ

ಆಸ್ಪತ್ರೆಯ ಗೇಟಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಂಡರೆ ಸಾಕು, ಸೈಕಲ್ಲು ನಿಲ್ಲಿಸಿ ಒಂದೇ ಮಾತು ಕೇಳುತ್ತಾರೆ. "ಕಾಕಾ, ಮಂದಿ ಹ್ಯಾಂಗ್ ಹ್ಯಾಂಗ್ ಒಳಗ ನುಸುಳತಾರ, ಅದಷ್ಟ ಹೇಳಿಕೊಡ್ರಿ." ಮಿರಜಿನ ಒಂದು ಆಸ್ಪತ್ರೆಯ ಗೇಟಿನಲ್ಲಿ ನಾನು ಮೂವತ್ತಾರು ವರ್ಷ ನಿಂತೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ವಾಚ್‌ಮನ್ ಆಗಿ ಸೇರಿದೆ, ಹೆಡ್ ವಾಚ್‌ಮನ್ ಆಗಿ ಹೊರಬಿದ್ದೆ. ನಡುವೆ ಟೊಪ್ಪಿಗೆಯ ಬಣ್ಣ ಬದಲಾಯಿತು, ಮಂಡಿ ಸವೆಯಿತು. ಬಡ್ತಿಯ ಬಗ್ಗೆ ಹೇಳುವುದು ಇಷ್ಟೇ.

ಹುಡುಗರಿಗೆ ಬೇಕಾದದ್ದು ಕಳ್ಳದಾರಿಗಳ ಪಟ್ಟಿ. ಅದನ್ನು ಮೊದಲು ಹೇಳಿಬಿಡುತ್ತೇನೆ. ಕೇಳಿ ನಗಬಹುದು, ನಾನೂ ನಕ್ಕಿದ್ದೇನೆ. ಆದರೆ ಈ ಬರಹಕ್ಕೆ ಕೂತದ್ದು ಅದಕ್ಕಲ್ಲ. ನಾನು ಮುಚ್ಚಿಸಿದ ಒಂದು ದಾರಿಯ ಬಗ್ಗೆ ಹೇಳಬೇಕಾಗಿದೆ. ಅದನ್ನು ಮನೆಯಲ್ಲಿ ಹೆಂಡತಿಗೂ ಇವತ್ತಿನವರೆಗೆ ಪೂರ್ತಿ ಹೇಳಿಲ್ಲ.

ನಾನು ಸೇರಿದಾಗ ಒಬ್ಬ ರೋಗಿಗೆ ಒಂದೇ ಪಾಸು. ಗುಲಾಬಿ ಬಣ್ಣದ ರಟ್ಟು, ಮೇಲೆ ನಂಬರು. ಸಂಜೆ ನಾಲ್ಕರಿಂದ ಆರರವರೆಗೆ, ಪಾಸು ಹಿಡಿದವರು ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು. ಮೊದಲ ತಿಂಗಳೇ ನಲವತ್ತೊಂದನೇ ನಂಬರಿನ ಪಾಸು ನನ್ನ ಕೈಗೆ ಒಂದೇ ಸಂಜೆ ಏಳು ಸಲ ಬಂತು. ಒಳಗೆ ಹೋದವರು ಏಳು ಜನ, ಹೊರಗೆ ಬಂದವರು ಯಾರೂ ಇಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಎಂಟನೆಯವನು ಕೊಟ್ಟಾಗ ರಟ್ಟು ಒದ್ದೆಯಾಗಿತ್ತು, ಸಾಬೂನಿನ ವಾಸನೆ ಬರುತ್ತಿತ್ತು. ಹಿಂದಿನ ಗೋಡೆಯ ಕಡೆ ಹೋಗಿ ಕತ್ತು ಎತ್ತಿ ನೋಡಿದೆ. ಎರಡನೇ ಮಹಡಿಯ ಕಿಟಕಿಯಿಂದ ಪ್ಲಾಸ್ಟಿಕ್ಕಿನ ಸಾಬೂನು ಡಬ್ಬಿಯೊಂದು ಲಂಗದ ಲಾಡಿಗೆ ಕಟ್ಟಿಸಿಕೊಂಡು ನಿಧಾನಕ್ಕೆ ಇಳಿಯುತ್ತಿತ್ತು. ಮೇಲೆ ಲಾಡಿ ಹಿಡಿದ ಅಜ್ಜಿ ನನ್ನನ್ನು ಕಂಡು ಸ್ವಲ್ಪವೂ ಹೆದರದೆ, "ಏ ತಮ್ಮಾ, ಹಂಗ ನಿಂತೀಯಲ್ಲ, ಗಂಟು ಬಿಚ್ಚು" ಅಂದಳು. ನಾನು ಬಿಚ್ಚಿದೆ. ಇಪ್ಪತ್ತೆರಡರ ವಯಸ್ಸು, ದೊಡ್ಡವರು ಹೇಳಿದ್ದು ಕೇಳುವ ಅಭ್ಯಾಸ.

ಹೊರಗಿನ ಊಟ ಒಳಗೆ ತರಬಾರದು ಎಂಬ ನಿಯಮ ಬಂದಾಗ ಜನ ಎಕ್ಸ್‌ರೇ ಲಕೋಟೆ ಕಂಡುಹಿಡಿದರು. ಆ ದೊಡ್ಡ ಕಂದು ಲಕೋಟೆಯಲ್ಲಿ ಜೋಳದ ಭಕ್ರಿ, ಅಂದರೆ ರೊಟ್ಟಿ, ಮಡಿಸದೆ ಹಿಡಿಸುತ್ತದೆ. ನಮ್ಮ ಊರು ಮ್ಹೈಸಾಳದವರೇ ಒಬ್ಬರು, ನನಗೆ ದೂರದ ಬೀಗರು, ಅಂಥ ಲಕೋಟೆ ಎದೆಗವಚಿಕೊಂಡು ಬಂದರು. ಬಹಳ ಜೋಪಾನ ಮಾಡುತ್ತಿದ್ದಾರಲ್ಲ ಎಂದು ಅನುಮಾನ ಬಂದು, "ಕೊಡ್ರಿ, ನೋಡೋಣ" ಎಂದು ಬೆಳಕಿಗೆ ಹಿಡಿದೆ. ಕೆಳಗಿನ ಮೂಲೆಯಿಂದ ಶೇಂಗಾ ಚಟ್ನಿ ನನ್ನ ಅಂಗಿಯ ಮೇಲೆ ಉದುರಿತು. ಬೀಗರು ಮುಖ ಗಂಟು ಹಾಕಿಕೊಂಡು, "ಎದಿ ಫೋಟೋದಾಗ ಏನ್ ಕಾಣಸ್ತೈತಿ, ಹೇಳು ಭೂಪಾಲ" ಅಂದರು. ಎರಡು ಭಕ್ರಿ ಕಾಣಿಸುತ್ತಿವೆ ಎಂದೆ. "ಹಂಗಾದ್ರ ಆರಾಮ ಅದೇನಿ ಅನ್ನು" ಎಂದು ಲಕೋಟೆ ಕಸಿದುಕೊಂಡು ಒಳಗೆ ನಡೆದೇ ಬಿಟ್ಟರು.

ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಪ್ರವೇಶವಿಲ್ಲ ಎಂಬ ಫಲಕ ಇತ್ತು. ಒಂದು ಮನೆಯವರು ಹತ್ತು ವರ್ಷದ ಹುಡುಗಿಗೆ ಸೀರೆ ಉಡಿಸಿ, ಕೊರಳಿಗೆ ಕರಿಮಣಿ ಹಾಕಿ, ಹಣೆಗೆ ಅಗಲವಾದ ಕುಂಕುಮವಿಟ್ಟು ಕರೆತಂದರು. ಸೆರಗು ತಲೆಯ ಮೇಲೆ ಹೊದ್ದು ತಗ್ಗಿದ ಮುಖದಲ್ಲಿ ಬಂದ ಆ 'ಸೊಸೆ'ಯನ್ನು ನಾನು ಗೌರವದಿಂದಲೇ ಬಿಟ್ಟಿದ್ದೆ. ಅವಳೇ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ಬಾಯಿಂದ ಪೆಪ್ಪರಮೆಂಟು ತೆಗೆದು ನನ್ನ ಅಂಗೈಯಲ್ಲಿಟ್ಟು, "ಒಳಗ ತಿನ್ನಬಾರದಂತ, ಹಿಡಕೋರಿ, ಬರ್ತೇನಿ" ಅಂದಳು. ಅವಳು ಅಜ್ಜನನ್ನು ನೋಡಿ ಬರುವವರೆಗೆ ಹಿಡಿದುಕೊಂಡೇ ನಿಂತಿದ್ದೆ.

ಇನ್ನೊಬ್ಬ ಹರಿಪುರದ ರೈತ. ಹೆಂಡತಿ ಹೆರಿಗೆಯಾಗಿ ಒಳಗಿದ್ದಳು. ಸಂಜೆಯ ಎರಡು ತಾಸು ಅವನಿಗೆ ಸಾಲದು. ಬೆಳಿಗ್ಗೆ ಹೊರರೋಗಿಗಳಿಗೆ ಪಾಸು ಬೇಕಿಲ್ಲವೆಂದು ತಿಳಿದು ದಿನಾ ತಾನೇ ರೋಗಿಯೆಂದು ಚೀಟಿ ಮಾಡಿಸಿದ. ಸೋಮವಾರ ಕಣ್ಣು, ಮಂಗಳವಾರ ಕಿವಿ, ಬುಧವಾರ ಚರ್ಮ. ಗುರುವಾರ ಹಲ್ಲಿನ ಡಾಕ್ಟರು ಇವನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಹಲ್ಲು ಕೀಳಬೇಕೆಂದಾಗ ಎದ್ದು ಓಡಿ ಗೇಟಿಗೇ ಬಂದ. "ಕಾಕಾ, ನಾಳಿಂದ ನೀವ ಬಿಟ್ಟಬಿಡ್ರಿ. ಇಲ್ಲಾಂದ್ರ ಬಾಯಾಗ ಒಂದೂ ಹಲ್ಲ ಉಳಿಯಂಗಿಲ್ಲ" ಎಂದು ಕೈಮುಗಿದ. ಬಿಟ್ಟೆ.

ಇವರ ಮೇಲೆ ನನಗೆ ಸಿಟ್ಟು ಬಂದದ್ದೇ ಕಡಿಮೆ. ಕದಿಯಲು ಬಂದವರೇನಲ್ಲ. ತಮ್ಮವರ ಮುಖ ನೋಡಲು ಬಂದವರು.

ಎಲ್ಲಕ್ಕಿಂತ ಸುಲಭದ ದಾರಿ ಎಂದರೆ ಕನ್ನಡ. ಮಿರಜಿಗೆ ಗಡಿಯಾಚೆಯ ಕರ್ನಾಟಕದಿಂದ ಬರುವ ರೋಗಿಗಳು ಬಹಳ. ಇಲ್ಲಿಯ ಹಳ್ಳಿಗಳಲ್ಲೂ ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ. ನಮ್ಮ ಮನೆಯೂ ಹಾಗೇ. ಗೇಟಿನಲ್ಲಿ ಯಾರಾದರೂ ಅಂಜುತ್ತ ಅಂಜುತ್ತ ಮುರುಕು ಮರಾಠಿಯಲ್ಲಿ ಶುರುಮಾಡಿ ನಡುವೆ ನಮ್ಮ ಮಾತಿಗೆ ಜಾರಿದರೆ ನನಗೆ ಗೊತ್ತಿಲ್ಲದೆ ನನ್ನ ಕೈ ಚಿಲಕದ ಮೇಲೆ ಹೋಗುತ್ತಿತ್ತು. ಇದು ಎಲ್ಲೆಡೆ ಹಬ್ಬಿ, ಅಥಣಿ ಬಸ್ಸಿನಲ್ಲೇ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರಂತೆ: ಗೇಟಿನಾಗ ಭೂಪಾಲ ಇದ್ದರ ಕನ್ನಡ ಮಾತಾಡ್ರಿ, ಸಾಕು.

ನನ್ನ ನಿವೃತ್ತಿಗೆ ಆರೇಳು ವರ್ಷವಿರುವಾಗ ಹೊಸ ಆಡಳಿತಾಧಿಕಾರಿ ಬಂದರು. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಕೆಟ್ಟವರಲ್ಲ. ಹಬ್ಬಕ್ಕೆ ಎಲ್ಲ ವಾಚ್‌ಮನ್‌ಗಳ ಮನೆಗೆ ತಾವೇ ಬಂದು ಚಹಾ ಕುಡಿದುಹೋಗುತ್ತಿದ್ದರು. ಆದರೆ ಬರೆದದ್ದು ಬರೆದಂತೆ ನಡೆಯಬೇಕು. ತುರ್ತು ವಾರ್ಡಿನಲ್ಲಿ ಯಾರದೋ ದೂರದ ಸಂಬಂಧಿಕರು ಜಗಳವಾಡಿ ಸಲಾಯಿನ್ ಸ್ಟ್ಯಾಂಡು ಬೀಳಿಸಿದ ಮೇಲೆ ಒಂದು ಪಟ್ಟಿ ಮಾಡಿ ಗೇಟಿಗೆ ಅಂಟಿಸಿದರು. ತುರ್ತು ವಾರ್ಡಿಗೆ ಎಂಟೇ ಸಂಬಂಧಗಳಿಗೆ ಪ್ರವೇಶ: ತಾಯಿ, ತಂದೆ, ಗಂಡ, ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ. ಒಂಬತ್ತನೆಯದು ಇಲ್ಲ.

ಜನ ಆ ಪಟ್ಟಿಗೂ ದಾರಿ ಹುಡುಕಿದರು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ವಾರ್ಡು ಗುಡಿಸುವ, ರೋಗಿಯ ಮೈ ಒರೆಸುವ ಆಯಾಗಳನ್ನು ಎಲ್ಲರೂ ಮಾವಶಿ ಎಂದೇ ಕರೆಯುವುದು. ಮಾವಶಿ ಎಂದರೆ ಮೂಲದಲ್ಲಿ ತಾಯಿಯ ತಂಗಿ, ಚಿಕ್ಕಮ್ಮ. ಡಾಕ್ಟರಿಗೂ ಆಯಾ ಮಾವಶಿ, ರೋಗಿಗೂ ಮಾವಶಿ. ಗೇಟಿನಲ್ಲಿ ಅವರು "ಮಾವಶಿ" ಎಂದು ಹೇಳಿ ನಡೆದುಹೋದರೆ ಯಾರೂ ತಡೆಯುತ್ತಿರಲಿಲ್ಲ. ಇದನ್ನು ಯಾರೋ ಗಮನಿಸಿದರು. ಸಂತೆಯಲ್ಲಿ ಆಯಾಗಳ ಸೀರೆಯಂಥದೇ ನೀಲಿ ಸೀರೆ ಸಿಗುತ್ತದೆ. ಅದನ್ನು ಉಟ್ಟು, ಕೈಯಲ್ಲೊಂದು ಬಕೆಟ್ಟು ಹಿಡಿದು, "ಮಾವಶಿ" ಎಂದು ಗೊಣಗುತ್ತ ಒಳಗೆ ಹೋಗುವ ಹೆಂಗಸರು ಹೆಚ್ಚಾದರು. ನಮ್ಮ ವಾರ್ಡಿನ ಹಳೆಯ ಆಯಾ ಹೀರಾಬಾಯಿ ಒಂದು ದಿನ ನನ್ನ ಹತ್ತಿರ ಬಂದು, "ಭೂಪಾಲಣ್ಣ, ಒಳಗ ನಾವು ಆರು ಮಂದಿ ಇರಬೇಕು. ಎಣಿಸಿದ್ರ ಹದಿನಾಲ್ಕು ಆಗೇವಿ. ಕಸಾ ಮಾತ್ರ ಹಂಗ ಬಿದ್ದೈತಿ" ಅಂದಳು.

ಸಾಹೇಬರು ನನ್ನನ್ನು ಒಳಗೆ ಕರೆಸಿದರು. ಆವತ್ತು ಅವರು ಆಡಿದ ಮಾತು ಮರಾಠಿಯಲ್ಲಿ ಹಾಗೇ ನೆನಪಿದೆ. "ತೂ ಕಾನಡೀ ಲೋಕಾಂನಾ ಸೋಡತೋಸ." ನೀನು ಕನ್ನಡದವರನ್ನು ಬಿಡುತ್ತೀಯ ಎಂದರ್ಥ. ಬಯ್ಯುವ ದನಿಯಲ್ಲಿರಲಿಲ್ಲ, ಲೆಕ್ಕ ಹೇಳುವ ದನಿ. ಅದೇ ಹೆಚ್ಚು ಚುಚ್ಚಿತು. ಕೈಬೀಸಿ ಬಿಡುತ್ತಿದ್ದದ್ದು ನಿಜ. ಆದರೆ ಎಲ್ಲರನ್ನೂ ಬಿಡುತ್ತಿದ್ದೆ, ಅವರ ಭಾಷೆಯ ನಂಟರನ್ನೂ ಬಿಟ್ಟಿದ್ದೆ. ಮನೆಗೆ ಹೋಗಿ ಊಟ ಮಾಡಲಿಲ್ಲ. ಮರುದಿನವೇ ನಾನೇ ಹೋಗಿ ಉಪಾಯ ಹೇಳಿದೆ: ಆಯಾಗಳಿಗೆ ಹಿತ್ತಾಳೆಯ ಬಿಲ್ಲೆ ಕೊಡಿ, ಬಿಲ್ಲೆ ಇಲ್ಲದೆ ಮಾವಶಿ ಎಂದವರನ್ನು ನಾನು ಬಿಡುವುದಿಲ್ಲ. ಬಿಲ್ಲೆ ಬಂತು. ಮೊದಲ ದಿನ ಒಂಬತ್ತು ಸುಳ್ಳು ಮಾವಶಿಯರನ್ನು ತಿರುಗಿ ಕಳಿಸಿದೆ. ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನನಗೆ ಹೆಮ್ಮೆಯಾಯಿತು. ಈಗ ನೆನೆಸಿಕೊಂಡರೆ ಆ ಬೆನ್ನಿಗೇ ನಾಚಿಕೆಯಾಗುತ್ತದೆ.

ಅದೇ ವಾರ, ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ, ನೀಲಿ ಸೀರೆಯ ಹೆಂಗಸೊಬ್ಬಳು ಗೇಟಿಗೆ ಬಂದಳು. ಐವತ್ತೈದರ ವಯಸ್ಸಿರಬೇಕು. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಯಾರ ಕಡೆ?" ಎಂದು ಮರಾಠಿಯಲ್ಲಿ ಕೇಳಿದೆ.

ಅವಳು ಕನ್ನಡದಲ್ಲೇ ಹೇಳಿದಳು. "ಮಾರುತಿ ಅಂತ್ರಿ. ಮಾಧವನಗರದ ಮಗ್ಗದಾಗ ಕೆಲಸಾ ಮಾಡತಾನ. ನಿನ್ನಿ ಟೆಂಪೋದಿಂದ ಬಿದ್ದಾನಂತ, ತಲಿಗೆ ಪೆಟ್ಟಾಗೈತಿ. ತುರ್ತು ವಾರ್ಡಿನಾಗ ಇಟ್ಟಾರಂತ."

"ನೀವು ಅವನ ಯಾರು?" ಈಗಲೂ ಮರಾಠಿಯಲ್ಲೇ ಕೇಳಿದೆ.

"ನಾ ಮಾವಶಿರಿ."

ನನಗೆ ನಗು ಬಂತು. ನಿಜ ಹೇಳುತ್ತೇನೆ, ನಗು ಬಂತು. ನೀಲಿ ಸೀರೆ, ಕನ್ನಡ, ಮಾವಶಿ: ನನ್ನನ್ನು ಮೋಸಗೊಳಿಸುವ ಮೂರೂ ಸಾಮಾನು ಒಬ್ಬಳ ಹತ್ತಿರವೇ ಇದ್ದವು. ಬಿಲ್ಲೆ ಎಲ್ಲಿದೆ ಎಂದೆ. ಅವಳಿಗೆ ತಿಳಿಯಲಿಲ್ಲ. "ಎಂಥಾ ಬಿಲ್ಲೆರಿ?" ಅಂದಳು. ಪಟ್ಟಿಯ ಮೇಲೆ ಬೆರಳಿಟ್ಟು ಎಂಟೂ ಸಂಬಂಧ ಓದಿ ಹೇಳಿದೆ, ಮರಾಠಿಯಲ್ಲಿ. ನನಗೆ ಕನ್ನಡ ಬರುತ್ತದೆಂದು ಅವಳಿಗೆ ಗೊತ್ತಾಗಬಾರದಿತ್ತು. ಹಿಂದೆ ಸಾಲಿನಲ್ಲಿ ನಿಂತವರು ಕೇಳುತ್ತಿದ್ದರು, ಮೇಲೆ ಸಾಹೇಬರ ಕಿಟಕಿ ತೆರೆದಿತ್ತು.

"ನಾ ಖರೇನ ಮಾವಶಿ ಅದೇನ್ರಿ. ಅವನ ಅವ್ವನ ತಂಗಿ" ಅಂದಳು.

"ಹಾಗಿದ್ದರೂ ಪಟ್ಟಿಯಲ್ಲಿಲ್ಲ" ಅಂದೆ.

ಅವಳು ಜಗಳವಾಡಲಿಲ್ಲ. ಗೇಟಿನೆದುರು ಬೇವಿನ ಮರದ ಕಟ್ಟೆಗೆ ಹೋಗಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಸುಳ್ಳು ಮಾವಶಿಯರು ತಿರುಗಿಸಿ ಕಳಿಸಿದರೆ ಬಯ್ದು ಹೋಗಿಬಿಡುತ್ತಿದ್ದರು, ಅರ್ಧ ತಾಸಿಗೆ ಬೇರೆ ಸೀರೆಯುಟ್ಟು ಬೇರೆ ಸಂಬಂಧ ಹೇಳುತ್ತ ಬರುತ್ತಿದ್ದರು. ಇವಳು ಸಂಜೆಯವರೆಗೆ ಅಲ್ಲೇ ಕೂತಿದ್ದಳು. ಅಷ್ಟರಿಂದಲೇ ನನಗೆ ಅರ್ಥವಾಗಬೇಕಿತ್ತು.

ಸಂಜೆ ತುರ್ತು ವಾರ್ಡಿನ ನರ್ಸು ಗೇಟಿಗೆ ಬಂದಳು. ಹೊಸಬಳು, ಕೊಂಕಣದವಳು, ಇಲ್ಲಿಯ ಮಾತು ಅವಳಿಗೆ ತಿಳಿಯದು. "ಭೂಪಾಲಕಾಕಾ, ಅವ್ವ ಮ್ಹಣಜೇ ಕಾಯ?" ಎಂದು ಕೇಳಿದಳು. ಅವ್ವ ಎಂದರೇನು? ತಲೆಗೆ ಪೆಟ್ಟಾದ ಆ ಹುಡುಗ ಮಧ್ಯಾಹ್ನದಿಂದ ಅದೊಂದೇ ಮಾತು ಆಡುತ್ತಿದ್ದಾನಂತೆ. ನಾನು ನಗುತ್ತ, "ಆಯಿ" ಎಂದು ಹೇಳಿದೆ. ತಾಯಿ. ಅವಳು, "ಅಯ್ಯೋ, ಕಾಗದದಲ್ಲಿ ತಾಯಿ ಇಲ್ಲವೆಂದು ಬರೆದಿದ್ದಾರಲ್ಲ, ಪಾಪ" ಎಂದು ಮರಾಠಿಯಲ್ಲಿ ಮರುಗಿ ಹೋದಳು. ಸೇರಿಸಲು ಬಂದ ಮಗ್ಗದ ಗೆಳೆಯರು ಗೊತ್ತಿದ್ದದ್ದನ್ನು ಬರೆಸಿದ್ದರು: ತಾಯಿ ಇಲ್ಲ, ತಂದೆ ಇಲ್ಲ, ಮದುವೆ ಆಗಿಲ್ಲ. ಪಾಪ ಎಂದು ನಾನೂ ಅಂದೆ. ನಾನು ಹಾಗೆನ್ನುವಾಗ ಆ ಹೆಂಗಸು ಇಪ್ಪತ್ತು ಹೆಜ್ಜೆ ದೂರದಲ್ಲಿ, ಬೇವಿನ ಕಟ್ಟೆಯ ಮೇಲೆ ಕೂತಿದ್ದಳು.

ಎರಡನೆಯ ದಿನ ಅವಳು ರೇಷನ್ ಕಾರ್ಡು ತಂದಳು. ಹೆಸರು ಬಾಳವ್ವ ಎಂದು ಆಗ ಗೊತ್ತಾಯಿತು. ಕಾರ್ಡಿನಲ್ಲಿ ಇಬ್ಬರೇ. ಮನೆಯ ಮುಖ್ಯಸ್ಥೆ ಬಾಳವ್ವ, ಕೆಳಗೆ ಮಾರುತಿ. ಸಂಬಂಧದ ಕಾಲಮಿನಲ್ಲಿ ಅಕ್ಕನ ಮಗ. ನೋಡಿದ ಕೂಡಲೇ ಇವಳು ಹೇಳಿದ್ದು ನಿಜವೆಂದು ಗೊತ್ತಾಯಿತು. ಆಗ ಚಿಲಕ ತೆಗೆಯಬಹುದಿತ್ತು. ಒಂದು ಕೈಯಳತೆಯ ಚಿಲಕ, ನೂರು ಸುಳ್ಳಿಗೆ ತೆಗೆದದ್ದು. ಆದರೆ ಅಕ್ಕನ ಮಗನ ಸಂಬಂಧ ಎಂಟರಲ್ಲಿರಲಿಲ್ಲ. ಕನ್ನಡದವರನ್ನು ಬಿಡುತ್ತಾನೆ ಎಂಬ ಮಾತು ಇನ್ನೊಮ್ಮೆ ಕೇಳುವ ಧೈರ್ಯ ನನಗಿರಲಿಲ್ಲ. "ಆಫೀಸಿಗೆ ಹೋಗಿ ಸಾಹೇಬರ ಸಹಿ ತನ್ನಿ" ಎಂದು ಆ ಕಡೆ ಕಳಿಸಿದೆ. ಸಾಹೇಬರು ಸಾಂಗಲಿಗೆ ಮೀಟಿಂಗಿಗೆ ಹೋಗಿದ್ದರು. ಅದೂ ನನಗೆ ಗೊತ್ತಿತ್ತು. ಅವರ ಜೀಪಿಗೆ ಗೇಟು ತೆಗೆದವನು ನಾನೇ.

ಹೀರಾಬಾಯಿ ಅದನ್ನೆಲ್ಲ ನೋಡುತ್ತಿದ್ದಳು. ಮಧ್ಯಾಹ್ನ ಕಟ್ಟೆಯ ಹತ್ತಿರ ಹೋಗಿ ಬಾಳವ್ವನಿಗೆ ಏನೋ ಹೇಳಿ ಬಂದಳು. ಬಂದವಳು ನನಗೆ ಕೇಳುವಂತೆ, "ಅವ್ವ ಅದೇನಿ ಅಂತ ಹೇಳು, ಒಳಗ ಹೋಗು ಅಂದ್ನಿ. ಒಲ್ಲೆ ಅಂತಾಳ. ಎಂಥಾ ಹೆಂಗಸರಿ ಇದು" ಎಂದು ಗೊಣಗಿದಳು. ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡೆ. ಎಂಥ ಹೆಂಗಸು, ಒಂದು ಸುಳ್ಳು ಹೇಳಬಾರದೆ? ಹೇಳಿದ್ದರೆ ಕಾಗದ ನೋಡದಂತೆ ನಾನೇ ತಲೆ ಆ ಕಡೆ ತಿರುಗಿಸುತ್ತಿದ್ದೆ. ನಿಯಮ ಮುರಿಯುವ ಕೆಲಸ ಅವಳೇ ಮಾಡಲಿ ಎಂದು ಕಾಯುತ್ತಿದ್ದೆ.

ಮೂರನೆಯ ದಿನ ಹನ್ನೊಂದು ಗಂಟೆಗೆ ವಾರ್ಡ್‌ಬಾಯ್ ಗೇಟಿಗೆ ಬಂದು, "ಮಾರುತಿಯ ಕಡೆಯವರು ಯಾರಾದರೂ ಇದ್ದಾರೇನು?" ಎಂದು ಕೂಗಿದ. ಬಾಳವ್ವ ಎದ್ದು ನಿಂತಳು. ಆ ಕೂಗು ಯಾಕೆಂದು ನನಗೆ ತಿಳಿಯಿತು. ಅವಳಿಗೆ ತಿಳಿಯಲಿಲ್ಲ. ಮುಖ ಅರಳಿಸಿಕೊಂಡು ಡಬ್ಬಿ ಹಿಡಿದು ಬಂದಳು. ಸಾಹೇಬರ ಸಹಿ ಆಗಿರಬೇಕು ಅಂದುಕೊಂಡಳೋ ಏನೋ. ನಾನು ದೊಡ್ಡ ಗೇಟನ್ನೇ ತೆಗೆದೆ. ಗಾಡಿಗಳಿಗೆ ಮಾತ್ರ ತೆಗೆಯುವ ಗೇಟು.

ಶವ ಒಪ್ಪಿಸುವ ಕಾಗದದಲ್ಲೂ ಸಂಬಂಧದ ಕಾಲಮು ಇರುತ್ತದೆ. ನಾನು ಅವಳ ಹಿಂದೆಯೇ ಹೋಗಿ ನಿಂತಿದ್ದೆ. ಗುಮಾಸ್ತ ಕೇಳಿದ, ಅವಳು "ಮಾವಶಿ" ಅಂದಳು. ಅವನು ತಲೆ ಎತ್ತದೆ ಬರೆದುಕೊಂಡ. ಹೆಬ್ಬೆಟ್ಟು ಒತ್ತಿಸಿಕೊಂಡ. ಯಾವ ಬಿಲ್ಲೆಯನ್ನೂ ಕೇಳಲಿಲ್ಲ, ಯಾವ ಪಟ್ಟಿಯನ್ನೂ ನೋಡಲಿಲ್ಲ.

ಅದಾದ ಮೇಲೆ ಒಂದು ತಿಂಗಳು ನಾನು ಗೇಟಿನಲ್ಲಿ ಯಾರನ್ನೂ ಸರಿಯಾಗಿ ನೋಡಲಿಲ್ಲ. ಕೊನೆಗೆ ಒಂದು ರಜೆಯ ದಿನ ಸಾಂಗಲಿಯಿಂದ ಶೇರ್ ಆಟೋ ಹಿಡಿದು ಮಾಧವನಗರಕ್ಕೆ ಹೋದೆ. ಹಳೆಯ ಗಿರಣಿಯ ಹಿಂದೆ ಸಾಲುಮನೆಗಳ ಚಾಳು. ಹೆಸರು ಹೇಳಿದರೆ ಹುಡುಗಿಯರು ಮನೆ ತೋರಿಸಿದರು. ಬಾಳವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಗುರುತಿಸಿದಳು. "ಗೇಟಿನವರು ಅಲ್ಲೇನ್ರಿ? ಬರ್ರಿ, ಒಳಗ ಬರ್ರಿ. ಕುಂದ್ರಿ" ಎಂದು ಚಾಪೆ ಹಾಸಿದಳು. ಅವಳ ಮನೆಯ ಬಾಗಿಲು ದಾಟಲು ನನಗೆ ಏನೂ ಬೇಕಾಗಲಿಲ್ಲ.

ನಾನು ಅವತ್ತು ಮೊದಲ ಸಲ ಅವಳೊಂದಿಗೆ ಕನ್ನಡ ಮಾತಾಡಿದೆ. "ಅವ್ವಾರ, ನಂದ ತಪ್ಪಾತ್ರಿ" ಅಂದೆ.

"ನಿಮಗ ಕನ್ನಡ ಬರ್ತಿತ್ತೇನ್ರಿ?" ಅಷ್ಟೇ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಎದ್ದು ಸ್ಟೋವು ಹಚ್ಚಿದಳು.

ಚಹಾ ಕುದಿಯುವಾಗ ತಾನಾಗಿಯೇ ಹೇಳಿದಳು. ಅಕ್ಕ ಹೆರಿಗೆಯಲ್ಲೇ ಹೋದಳು, ಜತ್ತದ ಕಡೆಯ ಹಳ್ಳಿಯಲ್ಲಿ. ಭಾವ ಕುರಿ ಹೊಡಕೊಂಡು ಹೋದವನು ತಿರುಗಿ ಬರಲಿಲ್ಲ. ಹನ್ನೊಂದು ದಿನದ ಕೂಸನ್ನು ಎತ್ತಿಕೊಂಡು ಇವಳು ಮಾಧವನಗರಕ್ಕೆ ಬಂದು ಗಿರಣಿಯಲ್ಲಿ ನೂಲು ಸುತ್ತಿದಳು. ಮದುವೆ ಮಾಡಿಕೊಳ್ಳಲಿಲ್ಲ.

"ರೇಷನ್ ಕಾರ್ಡ ಮಾಡಸುವಾಗ ಮಾಸ್ತರು ಮಗ ಅಂತ ಬರಸು ಅಂದ್ರು. ಸಾಲಿಗೆ ಹಚ್ಚುವಾಗ ಹೆಡ್‌ಮಾಸ್ತರು ಅದನ್ನ ಅಂದ್ರು. ದವಾಖಾನ್ಯಾಗ ಕಸಾ ಹೊಡಿಯೂ ಆ ಬಾಯಾರೂ ಅಂದ್ರು. ನನಗ ಸುಳ್ಳ ಹೇಳಾಕ ಬರೂದಿಲ್ಲ ಅಂತ ಅಲ್ರಿ. ಹೆತ್ತಾಕಿ ನಮ್ಮಕ್ಕ. ಆಕಿದು ಈ ಭೂಮಿ ಮ್ಯಾಲೆ ಏನ್ ಉಳದಿತ್ತು? ಒಂದು ಫೋಟೋ ಸೈತ ಇಲ್ಲ. ಇವನ ಅವ್ವ ಅನ್ನೂ ಹೆಸರ ಒಂದ ಇತ್ತು. ಅದನ್ನೂ ನಾ ಕಸಗೊಂಡ್ರ ಹ್ಯಾಂಗ್ರಿ?"

ಅವಳು ಬಸಿ ತುಂಬ ಚಹಾ ಸುರಿದು ನನ್ನ ಮುಂದಿಟ್ಟಳು. ಮುಖದಲ್ಲಿ ಸ್ವಲ್ಪ ನಗು ಬಂತು.

"ಆದ್ರ ಅವ ಎಲ್ಲಿ ಕೇಳತಿದ್ದ. ಮಾವಶಿ ಅನ್ನೋ ಮಾರ್‍ಯಾ ಅಂತ ಸಣ್ಣಾಂವ ಇದ್ದಾಗ ಬಡದೇನಿ ಸೈತ. ಒಮ್ಮಿನೂ ಅನ್ನಲಿಲ್ಲ. ನನಗ ಅವ್ವ ಅಂತನ ಕರೀತಿದ್ದ."

ಬಸಿ ನನ್ನ ಕೈಯಲ್ಲಿತ್ತು. ಚಹಾ ಪ್ಯಾಂಟಿನ ಮೇಲೆ, ಚಾಪೆಯ ಮೇಲೆ ಚೆಲ್ಲಿತು. ಅವ್ವ ಮ್ಹಣಜೇ ಕಾಯ ಎಂದು ನರ್ಸು ಕೇಳಿದ್ದು, ಆಯಿ ಎಂದು ನಾನು ನಗುತ್ತ ಹೇಳಿದ್ದು, ಪಾಪ ಅಂದದ್ದು, ಎಲ್ಲ ಒಮ್ಮೆಗೇ ನೆನಪಾಯಿತು. ಎರಡೂ ಭಾಷೆ ಬಲ್ಲವನೆಂದು ಆ ನರ್ಸು ಕೇಳಿದ್ದು ನನ್ನನ್ನೇ. ಒಳಗಿನಿಂದ ಬಂದ ಅವ್ವ ಎಂಬ ಮಾತೂ ನನ್ನ ಹತ್ತಿರ ಬಂದಿತ್ತು, ಹೊರಗಿನಿಂದ ಬಂದ ಮಾವಶಿ ಎಂಬ ಮಾತೂ ನನ್ನ ಹತ್ತಿರವೇ ಬಂದಿತ್ತು. ಎರಡೂ ಒಬ್ಬಳೇ ಎಂದು ನನಗೆ ಹೊಳೆಯಲಿಲ್ಲ. ಹೊಳೆಯುವುದಕ್ಕೆ ಅವಳನ್ನು ಕನ್ನಡದಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಬಾಳವ್ವ ಸೆರಗಿನಿಂದ ಚಾಪೆ ಒರೆಸಿದಳು. ಒರೆಸುತ್ತ, ತಲೆ ಎತ್ತದೆ ಕೇಳಿದಳು.

"ಮೂರ ದಿನಾ ಒಳಗ ಇದ್ನಲ್ರಿ. ನಿಮಗ ಗೊತ್ತಿರತೈತಿ. ಅವ ನನ್ನ ಕರದ್ನೇನ್ರಿ?"

ಈ ಪ್ರಶ್ನೆಗೆ ಎರಡೇ ಉತ್ತರ. ಕರೆದ ಎಂದರೆ, ಕರೆಯುತ್ತಿದ್ದಾಗ ಅವಳು ಎಲ್ಲಿದ್ದಳು, ಅಲ್ಲಿ ಕೂರಿಸಿದವನು ಯಾರು ಎಂಬುದನ್ನೂ ಹೇಳಿದಂತೆ. ಕರೆಯಲಿಲ್ಲ ಎಂದರೆ ಸುಳ್ಳು. ಸುಳ್ಳು ಹೇಳದ ಹೆಂಗಸಿನ ಮನೆಯಲ್ಲಿ ಕೂತು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮೂವತ್ತು ವರ್ಷ ಜನರ ಯುಕ್ತಿಗಳನ್ನು ನೋಡಿ ನೋಡಿ ಕಲಿತವನಲ್ಲವೇ, ನನಗೂ ಒಂದು ಸಂದು ಕಂಡಿತು.

"ಮಾವಶಿ ಅಂತ ಕರೀಲಿಲ್ಲರಿ" ಅಂದೆ.

ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಅವಳ ಕೈ ಚಾಪೆಯ ಮೇಲೆ ನಿಂತಿತು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಗೇಟಿನಲ್ಲಿ ಪಾಸು ಹಿಡಿದವರ ಮುಖ ನೋಡುತ್ತಿದ್ದೆನಲ್ಲ, ಹಾಗೇ. ನನ್ನ ಸಂದು ಅವಳಿಗೆ ತಿಳಿಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ, "ಚಹಾ ಆರತೈತಿ, ಕುಡೀರಿ" ಅಂದಳು. ಕುಡಿದೆ. ಅವಳು ಇನ್ನೇನೂ ಕೇಳಲಿಲ್ಲ. ಚಾಳಿನ ತುದಿಯವರೆಗೆ ಬಂದು ಆಟೋ ಹತ್ತಿಸಿ ಹೋದಳು.

ಆ ವರ್ಷದಿಂದ ನಿವೃತ್ತಿಯವರೆಗೆ ನಾನು ಗೇಟಿನಲ್ಲಿ ಬೇರೆ ಕೆಲಸ ಮಾಡಿದೆ. ಚಿಕ್ಕಪ್ಪ, ಸೋದರಮಾವ, ಅತ್ತೆ, ಪಕ್ಕದ ಮನೆಯವರು ಯಾರೇ ಬರಲಿ, ಹತ್ತಿರ ಕರೆದು ಕಿವಿಯಲ್ಲಿ ಹೇಳಿಕೊಡುತ್ತಿದ್ದೆ: ಅಣ್ಣ ಅನ್ರಿ, ಅಕ್ಕ ಅನ್ರಿ, ಅವ್ವ ಅನ್ರಿ. ಸಾಹೇಬರಿಗೆ ಗೊತ್ತಾಗಿ ಒಂದು ಮೆಮೊ ಬಂತು. ಮಡಿಸಿ ಕಿಸೆಯಲ್ಲಿಟ್ಟುಕೊಂಡೆ. ಆ ಎಂಟರ ಪಟ್ಟಿಗೆ ಒಂಬತ್ತನೆಯ ಸಾಲು ಸೇರಿಸಿ, 'ಸಾಕಿದವರು' ಎಂದು ಬರೆಯಿರಿ ಎಂದು ಎರಡು ಸಲ ಅರ್ಜಿ ಕೊಟ್ಟೆ. ಉತ್ತರ ಬರುವುದರೊಳಗೆ ನನ್ನ ನಿವೃತ್ತಿಯ ಹಾರ ಬಂತು.

ಈಗ ರಟ್ಟಿನ ಪಾಸು ಇಲ್ಲ. ಮೊಬೈಲಿನಲ್ಲಿ ಚೌಕದ ಚಿತ್ರ ಬರುತ್ತದೆ, ಯಂತ್ರ ಅದನ್ನು ಓದಿ ಕೀ ಎನ್ನುತ್ತದೆ. ಲಾಡಿಗೆ ಸಾಬೂನು ಡಬ್ಬಿ ಕಟ್ಟುವ ಬದಲು ಒಳಗಿದ್ದವರು ಆ ಚಿತ್ರವನ್ನು ಹೊರಗಿದ್ದವರಿಗೆ ವಾಟ್ಸಾಪ್ ಮಾಡುತ್ತಾರೆ. ಹುಡುಗರು ಇದನ್ನು ಹಿಡಿದೆವೆಂದು ಹೆಮ್ಮೆಯಿಂದ ಹೇಳುತ್ತಾರೆ. ನಾನು ಕೇಳುವುದು ಒಂದೇ. ಹಿಡಿಯುವ ಮೊದಲು ಆ ಮನುಷ್ಯನನ್ನು ಅವನ ಮಾತಿನಲ್ಲಿ ಒಂದು ಪ್ರಶ್ನೆ ಕೇಳಿದಿರಾ? ದಾರಿ ಹುಡುಕುವವರು ಹೇಗಾದರೂ ಒಳಗೆ ಹೋಗುತ್ತಾರೆ, ಅವರ ಚಿಂತೆ ನಿಮಗೆ ಬೇಡ. ಯಾವ ದಾರಿಯನ್ನೂ ಹುಡುಕದೆ ಕಟ್ಟೆಯ ಮೇಲೆ ಕೂತವರು ಯಾರು ಎಂದು ನೋಡಿ.

ಹೋದ ತಿಂಗಳು ಮಾಧವನಗರದ ಆಟೋದವನೊಬ್ಬ ಬಾಳವ್ವ ತೀರಿಕೊಂಡಳೆಂದು ಹೇಳಿದ. ಇಷ್ಟು ವರ್ಷ ಪ್ರತಿ ದೀಪಾವಳಿಗೂ ಹೋಗಿ ನಿಜ ಹೇಳಿಬರುತ್ತೇನೆ ಎಂದು ಅಂದುಕೊಳ್ಳುತ್ತಿದ್ದೆ. ಪ್ರತಿ ವರ್ಷ ಮುಂದಿನ ವರ್ಷಕ್ಕೆ ಹಾಕಿದೆ. ಈಗ ಕೇಳುವವಳಿಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಕೊಡದೆ ಈ ಬರಹ ಮುಗಿಸಲಾರೆ.

ಹೌದ್ರಿ ಅವ್ವಾರ, ಕರದಿದ್ದ. ಅವ್ವ, ಅವ್ವ ಅಂತ ನಿಮ್ಮನ್ನ ಕರದಿದ್ದ.